ಚಿಕ್ಕ ಮಕ್ಕಳ ಜೊತೆ ವಂಡರ್‌ಲಾ: ಟಿಕೆಟ್‌ಗಿಂತ ಮೊದಲು ಟೇಪು ಹಿಡಿಯಿರಿ

ಚಿಕ್ಕ ಮಕ್ಕಳನ್ನು ಬೆಂಗಳೂರು ಹತ್ತಿರ ಬಿಡದಿ ಕಡೆ ಇರುವ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದುಕೊಂಡು ಹೋಗಬಹುದಾ ಅಂತ ಹೋಗಿ ಬಂದಾಗಿನಿಂದ ಎಲ್ಲರೂ ನನ್ನನ್ನು ಕೇಳುತ್ತಿದ್ದಾರೆ. ಖಂಡಿತ ಹೋಗಿ. ಆದರೆ ಮೊದಲು ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಮಕ್ಕಳ ವಯಸ್ಸು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಟಿಕೆಟ್‌ನಿಂದ ಹಿಡಿದು ಯಾವ ಆಟಕ್ಕೆ ಹತ್ತಿಸುತ್ತಾರೆ ಅನ್ನುವವರೆಗೆ ಎಲ್ಲ ನಿಂತಿರುವುದು ಸೆಂಟಿಮೀಟರ್ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಬೇಡ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. 140 ದಾಟಿದರೆ ದೊಡ್ಡವರ ಟಿಕೆಟ್, ಮಗು ಇನ್ನೂ ಆರನೇ ಕ್ಲಾಸಿನಲ್ಲಿದ್ದರೂ ಅಷ್ಟೇ.

ನಮ್ಮ ಮಗಳಿಗೆ ಆರು ವರ್ಷ, 115 ಸೆಂ.ಮೀ. ಮಗನಿಗೆ ಮೂರು ತುಂಬಿದೆ, 93. ಹೋಗುವ ಹಿಂದಿನ ರಾತ್ರಿ ಅಡುಗೆಮನೆ ಬಾಗಿಲ ಪಕ್ಕ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಮೇಲೆ 140ಕ್ಕೂ ಒಂದು ಗೆರೆ ಹಾಕಿ, "ನೋಡು ಪುಟ್ಟಿ, ದೊಡ್ಡ ದೊಡ್ಡ ಆಟಕ್ಕೆ ಇಷ್ಟು ಎತ್ತರ ಬೇಕು, ನೀನು ಇನ್ನೂ ಇಲ್ಲಿದ್ದೀಯ" ಅಂತ ತೋರಿಸಿದೆ. ಸ್ವಲ್ಪ ಮುಖ ಸಣ್ಣ ಮಾಡಿಕೊಂಡಳು, ಆಮೇಲೆ ಸರಿ ಅಂದಳು. ಈ ಒಂದು ಕೆಲಸ ಮನೆಯಲ್ಲೇ ಮುಗಿಸಿದ್ದರಿಂದ ಅಲ್ಲಿ ಒಂದೇ ಒಂದು ಸಲವೂ ಅಳು ಬರಲಿಲ್ಲ. ಎಷ್ಟೋ ಮಕ್ಕಳು ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತು, ಗೇಟಿನ ಹತ್ತಿರದ ಅಳತೆ ಕಂಬದ ಮುಂದೆ ಹಿಮ್ಮಡಿ ಎತ್ತಿ ನಿಂತು, ಆಗಲ್ಲ ಅನ್ನಿಸಿಕೊಂಡು ವಾಪಸ್ ಬರುವುದನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಇದು ಮಕ್ಕಳ ತಪ್ಪಲ್ಲ, ಅಲ್ಲಿ ನಿಂತಿರುವ ಹುಡುಗನ ತಪ್ಪೂ ಅಲ್ಲ. ಭುಜದ ಮೇಲೆ ಇಳಿಯುವ ಆ ಕಬ್ಬಿಣದ ಪಟ್ಟಿ ದೊಡ್ಡವರ ಭುಜದ ಅಳತೆಗೆ ಮಾಡಿದ್ದು. ಗಿಡ್ಡ ಮಗುವಿಗೆ ಅದು ಸರಿಯಾಗಿ ಕೂರುವುದಿಲ್ಲ, ಸೀಟು ತಲೆಕೆಳಗಾದಾಗ ಜಾರಿಬಿಡಬಹುದು. ದಯವಿಟ್ಟು ಅಲ್ಲಿ ನಿಂತು "ಎರಡು ಸೆಂಟಿಮೀಟರ್ ತಾನೇ, ಬಿಡ್ರೀ" ಅಂತ ಜಗಳ ಆಡಬೇಡಿ.

ನಾನು ಇಲ್ಲಿಗೆ ಮೊದಲು ಬಂದಿದ್ದು ಕಾಲೇಜು ಟೂರಿನಲ್ಲಿ. 2005ರಲ್ಲಿ ಶುರುವಾದ ಪಾರ್ಕ್ ಇದು. ನಮ್ಮ ಮನೆಯ ಫ್ರಿಜ್‌ಗೆ ಹಾಕಿರುವ ಸ್ಟೆಬಿಲೈಸರ್ ಇದೆಯಲ್ಲ, ವಿ-ಗಾರ್ಡ್, ಆ ಕಂಪನಿ ಕಟ್ಟಿದ ಕೊಚೌಸೇಫ್ ಚಿಟ್ಟಿಲಪಿಳ್ಳಿ ಅವರೇ ಇದನ್ನೂ ಶುರು ಮಾಡಿದ್ದು. 2000ದಲ್ಲಿ ಕೊಚ್ಚಿಯಲ್ಲಿ ಮೊದಲನೆಯದು ಮಾಡಿದರು, ಬೆಂಗಳೂರಿನದು ಎರಡನೆಯದು. ಆಗ ನಾನು ನೋಡಿದ ಪಾರ್ಕೇ ಬೇರೆ, ಈ ಸಲ ಮಕ್ಕಳ ಜೊತೆ ನೋಡಿದ ಪಾರ್ಕೇ ಬೇರೆ. ಆಗ ಕಿರುಚುವ ಆಟಗಳ ಹಿಂದೆ ಓಡಿದ್ದೆ. ಮಕ್ಕಳ ಜಾಗ ಒಂದಿದೆ ಅಂತ ಕಣ್ಣಿಗೂ ಬಿದ್ದಿರಲಿಲ್ಲ. ಈ ಸಲ ಅರ್ಧ ದಿನ ಅಲ್ಲೇ ಕಳೆದೆವು.

ನಾವು ಮಂಡ್ಯದಿಂದ ಹೋಗಿದ್ದು. ಹೊಸ ಹೆದ್ದಾರಿ ಬಂದ ಮೇಲೆ ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲ ಪಕ್ಕಕ್ಕೆ ಸರಿದುಬಿಟ್ಟಿವೆ. ಸುಮ್ನೆ ನೇರ ಹೋದರೆ ಊರು ಬಂದಿದ್ದೂ ಗೊತ್ತಾಗುವುದಿಲ್ಲ. ನಾವು ಬೇಕಂತಲೇ ಹಳೇ ರಸ್ತೆಗೆ ಇಳಿದು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ಪಾರ್ಕಿನ ಒಳಗೆ ಹೊರಗಿನ ತಿಂಡಿ ಬಿಡುವುದಿಲ್ಲ, ಎಳೆ ಮಕ್ಕಳ ಊಟಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಬೆಳಿಗ್ಗೆ ಹೊಟ್ಟೆ ಗಟ್ಟಿ ಮಾಡಿಕೊಂಡೇ ಒಳಗೆ ಹೋಗಿ. ಬೆಂಗಳೂರು ಕಡೆಯಿಂದ ಬರುವವರು ಸರ್ವಿಸ್ ರಸ್ತೆಯಲ್ಲೇ ಬನ್ನಿ. ಮಧ್ಯದ ರಸ್ತೆಗೆ ಹತ್ತಿಬಿಟ್ಟರೆ ತಿರುವು ತಪ್ಪಿ ಸುಮಾರು ದೂರ ಹೋಗಬೇಕಾಗುತ್ತದೆ.

ಹೋಗಿದ್ದು ಮಂಗಳವಾರ. ಮಗಳಿಗೆ ಒಂದು ದಿನ ಸ್ಕೂಲಿಗೆ ರಜೆ ಹಾಕಿಸಿದೆ, ಅದರ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ಶನಿವಾರ, ಭಾನುವಾರ, ದಸರಾ ರಜೆಯಲ್ಲಿ ಮೂರು ವರ್ಷದ ಮಗುವನ್ನು ಬಿಸಿಲಿನ ಕ್ಯೂನಲ್ಲಿ ನಿಲ್ಲಿಸಬೇಡಿ. ಕ್ಯೂ ತಪ್ಪಿಸಲು ಜಾಸ್ತಿ ದುಡ್ಡಿನ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ಆದರೆ ಚಿಕ್ಕ ಮಕ್ಕಳ ಜೊತೆ ಇರುವವರಿಗೆ ಅದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಆಟಗಳಿಗೆ ಹೋಗುವವರು ಯಾರು ಹೇಳಿ, ಮಕ್ಕಳನ್ನು ಹಿಡಿದುಕೊಳ್ಳುವವರೇ ನಾವಲ್ವಾ?

ಮಕ್ಕಳ ಜಾಗದಲ್ಲಿ ಕುದುರೆ ಮೇಲೆ ಕೂತು ಸುತ್ತುವ ಆಟ ಇದೆ, ಪುಟಾಣಿ ಜೈಂಟ್ ವೀಲ್ ಇದೆ, ಜಂಪಿಂಗ್ ಫ್ರಾಗ್ ಇದೆ. ಈ ಕಪ್ಪೆ ನಮ್ಮ ಮಗನಿಗೆ ಹಿಡಿಸಿದ ಪರಿ ನೋಡಬೇಕಿತ್ತು. ಒಂದು ಸಾಲು ಸೀಟು, ಮೆಲ್ಲಗೆ ಮೇಲಕ್ಕೆ ಹೋಗುತ್ತದೆ, ಆಮೇಲೆ ಕುಪ್ಪಳಿಸುತ್ತಾ ಕುಪ್ಪಳಿಸುತ್ತಾ ಇಳಿಯುತ್ತದೆ. ಮೊದಲ ಸಲ ಮೇಲೆ ಹೋದಾಗ ಬಾಯಿ ಬಿಗಿ ಹಿಡಿದು ನನ್ನನ್ನೇ ನೋಡುತ್ತಿದ್ದ. ಮೊದಲ ಕುಪ್ಪಳಿಕೆಗೆ ಕಣ್ಣು ದೊಡ್ಡದಾಯಿತು. ಎರಡನೆಯದಕ್ಕೆ ನಗು ಒಡೆಯಿತು. ಇಳಿದವನು ನನ್ನ ಕೈ ಹಿಡಿದು ನೇರ ಮತ್ತೆ ಕ್ಯೂನ ಹಿಂದಕ್ಕೆ ಎಳೆದುಕೊಂಡು ಹೋದ. ಆರು ಸಲ ಹತ್ತಿದ. ಜನ ಕಡಿಮೆ ಇದ್ದ ದಿನ ಆಗಿದ್ದರಿಂದ ಆರು ಸಲ ಆಯಿತು.

ಅಲ್ಲಿ ನನಗೆ ನಿಜವಾಗಿ ಸಮಾಧಾನ ಕೊಟ್ಟಿದ್ದು ಬೆಲ್ಟು ನೋಡುತ್ತಿದ್ದ ಹುಡುಗಿ. ಪ್ರತಿ ಮಗುವಿನ ಬೆಲ್ಟನ್ನೂ ಕೈ ಹಾಕಿ ಎಳೆದು ನೋಡಿ, ಹಿಂದೆ ಹೋಗಿ ಇನ್ನೊಂದು ಸಲ ಸಾಲಾಗಿ ನೋಡಿಕೊಂಡು ಬಂದು ಆಮೇಲೆ ಗುಂಡಿ ಒತ್ತುತ್ತಿದ್ದಳು. ಆರು ಸಲವೂ ಹಾಗೇ ಮಾಡಿದಳು. ನಾನು ಇದನ್ನು ಇಷ್ಟು ಗಮನಿಸಲು ಕಾರಣ ಇದೆ. ಹೋದ ವರ್ಷ ಬೇರೆ ಒಂದು ಊರಿನ ಸಣ್ಣ ಪಾರ್ಕಿಗೆ ಹೋಗಿದ್ದೆವು, ಹೆಸರು ಬೇಡ. ಮಕ್ಕಳ ರೈಲಿನಲ್ಲಿ ಮಗಳ ಬೆಲ್ಟಿನ ಕೊಂಡಿ ಕೂರುತ್ತಿರಲಿಲ್ಲ. ಹೇಳಿದರೆ, "ಏನೂ ಆಗಲ್ಲ ಮೇಡಂ, ನಿಧಾನ ಹೋಗತ್ತೆ" ಅಂದರು. ಕೆಳಗಿಳಿಸಿಕೊಂಡು ಬಂದೆ. ಅವತ್ತಿನಿಂದ ಎಲ್ಲೇ ಹೋದರೂ ಮೊದಲು ಒಂದು ಸುತ್ತು ನಿಂತು ನೋಡುತ್ತೇನೆ, ಅಲ್ಲಿನವರು ಬೆಲ್ಟು ಕೈಯಿಂದ ಮುಟ್ಟಿ ನೋಡುತ್ತಾರಾ ಅಥವಾ ದೂರದಿಂದ ಕಣ್ಣು ಹಾಯಿಸುತ್ತಾರಾ ಅಂತ. ನೀವೂ ನೋಡಿ.

ಊಟ ಒಳಗೇ ಮಾಡಿದೆವು. ಅನ್ನ-ಸಾರು ತಿನ್ನುವ ಮಗುವಿಗೂ ಏನಾದರೂ ಸಿಗುತ್ತದೆ, ಅದಕ್ಕಿಂತ ಜಾಸ್ತಿ ಹೇಳುವುದೇನಿಲ್ಲ.

ಇನ್ನು ನೀರು. ಚಿಕ್ಕ ಮಕ್ಕಳ ಜೊತೆ ಹೋಗುವವರಿಗೆ ವಂಡರ್‌ಲಾ ಅಂದರೆ ಮುಖ್ಯವಾಗಿ ನೀರೇ. ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು, ದೊಡ್ಡವರಿಗೂ ಸೇರಿ. ಹತ್ತಿಯ ನೂಲು ಬಿಟ್ಟುಕೊಂಡು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತದೆ, ನೆನೆದರೆ ಭಾರವೂ ಆಗುತ್ತದೆ. ಅಲ್ಲೇ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಮನೆಯಿಂದಲೇ ತಂದರೆ ದುಡ್ಡು ಉಳಿಯುತ್ತದೆ. ಮಕ್ಕಳಿಗೆ ತೋಳು ತುಂಬ, ಮಂಡಿವರೆಗೆ ಇರುವ ಈಜುಡುಗೆ ತೆಗೆದುಕೊಳ್ಳಿ, ಬಿಸಿಲಿಗೂ ಒಳ್ಳೆಯದು, ಜಾರುಬಂಡಿಯಲ್ಲಿ ಚರ್ಮ ಉಜ್ಜಿಕೊಳ್ಳುವುದೂ ತಪ್ಪುತ್ತದೆ.

ಅಲೆಗಳ ಕೊಳದಲ್ಲಿ ನಾವು ಒಳಗೆ ಹೋಗಲೇ ಇಲ್ಲ. ಅಂಚಿನಲ್ಲಿ, ಮಗನ ಮಂಡಿವರೆಗೆ ನೀರು ಬರುವ ಕಡೆ ಕೂತೆವು. ಅಲೆ ಶುರುವಾದಾಗ ನಡುವೆ ಇದ್ದವರೆಲ್ಲ ಹೋ ಅಂತ ಕೂಗಿದರು. ನಮ್ಮ ಕಡೆ ಬರುವ ಹೊತ್ತಿಗೆ ಅದು ಸಣ್ಣಗಾಗಿ, ಸರ್ರನೆ ಹೊಟ್ಟೆವರೆಗೆ ಏರಿ ಹಿಂದಕ್ಕೆ ಹೋಗುತ್ತಿತ್ತು. ಸಮುದ್ರವನ್ನೇ ನೋಡದ ಮಗ ಪ್ರತಿ ಅಲೆಗೂ "ಮತ್ತೆ ಬಂತು, ಮತ್ತೆ ಬಂತು" ಅನ್ನುತ್ತಿದ್ದ. ಲೈಫ್‌ಗಾರ್ಡ್‌ಗಳು ಇರುತ್ತಾರೆ, ನಿಜ. ಆದರೂ ಮಗು ನಿಮ್ಮ ಕೈಗೆಟಕುವಷ್ಟು ಹತ್ತಿರ ಇರಲಿ, ಆ ಹೊತ್ತಿನಲ್ಲಿ ಫೋನು ಲಾಕರ್‌ನಲ್ಲೇ ಇರಲಿ. ಚಿಕ್ಕ ಮಗು ಮುಳುಗುವಾಗ ಕೂಗುವುದಿಲ್ಲ, ಸದ್ದೇ ಬರುವುದಿಲ್ಲ. ಗಲಾಟೆ ಇರುವ ಕೊಳದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಮುಕ್ಕಾಲು ಗಂಟೆಗೆ ಮಗನ ತುಟಿ ನೀಲಿಗೆ ತಿರುಗಿ ಹಲ್ಲು ಕಟಕಟ ಅನ್ನಲು ಶುರುವಾಯಿತು. ಆಗ ಮೇಲೆತ್ತಿ ಟವೆಲ್‌ನಲ್ಲಿ ಸುತ್ತಿ ಅತ್ತೆ ಕೈಗೆ ಕೊಟ್ಟೆ. ಮಕ್ಕಳು ತಾವಾಗಿ ಚಳಿ ಅಂತ ಹೇಳುವುದೇ ಇಲ್ಲ, ತುಟಿ ನೋಡಿಕೊಂಡೇ ತಿಳಿಯಬೇಕು. ಮಗಳನ್ನು ಅವರಪ್ಪ ರೈನ್ ಡಿಸ್ಕೋಗೆ ಕರೆದುಕೊಂಡು ಹೋದರು. ಅಲ್ಲಿ ಬೆಚ್ಚಗಿನ ನೀರು ಸುರಿಯುತ್ತದೆ, ಹಾಡು ಹಾಕುತ್ತಾರೆ. ಕತ್ತಲೆ ಮತ್ತು ಜೋರು ಸದ್ದು ಇರುವುದರಿಂದ ಮೂರು ವರ್ಷದವರಿಗೆ ಬೇಡ. ಆರು ವರ್ಷದವಳಿಗೆ ಅದೇ ಇಡೀ ದಿನದ ಹಬ್ಬ.

ಅತ್ತೆಯನ್ನು ಕರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಅರವತ್ತು ದಾಟಿದವರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಗುರುತಿನ ಚೀಟಿ ತೋರಿಸಬೇಕು. ಅವರಿಗೆ ಮಂಡಿನೋವು. ಪಾರ್ಕ್ 82 ಎಕರೆ, ನಡೆಯುವುದು ಬಹಳ ಇದೆ, ಆದರೆ ಮರಗಳು ಚೆನ್ನಾಗಿ ಬೆಳೆದಿವೆ, ನೆರಳಲ್ಲಿ ಕೂರಲು ಜಾಗ ಸಿಗುತ್ತದೆ. ಮಗ ಅವರ ತೊಡೆ ಮೇಲೆ ಒಂದು ಗಂಟೆ ನಿದ್ದೆ ಮಾಡಿದ. ಆ ಒಂದು ಗಂಟೆಯಲ್ಲೇ ನಾನು ಮತ್ತು ಯಜಮಾನರು ಸರದಿ ಪ್ರಕಾರ ರಿಕಾಯ್ಲ್ ರೋಲರ್ ಕೋಸ್ಟರ್‌ಗೆ ಹೋಗಿ ಬಂದೆವು. ಮುಂದಕ್ಕೆ ಹೋದ ದಾರಿಯಲ್ಲೇ ಹಿಂದಕ್ಕೆ ಎಳೆದು ತರುತ್ತದೆ ಅದು. ಮಗಳು ಕೆಳಗೆ ನಿಂತು ಕೈ ಬೀಸುತ್ತಿದ್ದಳು.

ನಾಲ್ಕೂವರೆಗೆ ಹೊರಟುಬಿಟ್ಟೆವು. ಮುಚ್ಚುವವರೆಗೆ ಇದ್ದು ಟಿಕೆಟ್ ದುಡ್ಡು ವಸೂಲಿ ಮಾಡಬೇಕು ಅಂತ ಯೋಚಿಸಬೇಡಿ. ಕೊನೆಯ ಒಂದು ಗಂಟೆಯಲ್ಲಿ ಬಟ್ಟೆ ಬದಲಿಸುವ ಕೋಣೆಯ ಮುಂದೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಒದ್ದೆ ಮಗುವನ್ನು ಎತ್ತಿಕೊಂಡು ಅಲ್ಲಿ ಕಾಯುವುದು ಕಷ್ಟ. ಕಾರಿನಲ್ಲಿ ಎರಡು ಜೊತೆ ಒಣ ಬಟ್ಟೆ, ಒಂದು ಡಬ್ಬಿ ಮೊಸರನ್ನ ಇಟ್ಟಿದ್ದೆ. ಹೆದ್ದಾರಿಗೆ ಹತ್ತುವ ಮೊದಲು ಮರದ ಕೆಳಗೆ ಗಾಡಿ ನಿಲ್ಲಿಸಿ ಇಬ್ಬರಿಗೂ ತಿನ್ನಿಸಿದೆ. ರಾಮನಗರ ದಾಟುವ ಹೊತ್ತಿಗೆ ಇಬ್ಬರೂ ನಿದ್ದೆ, ಮಗಳ ಬೆರಳ ತುದಿ ಇನ್ನೂ ನೀರಿಗೆ ಸುಕ್ಕುಗಟ್ಟಿಯೇ ಇತ್ತು.