ಬೈಪ್ಯಾಪ್ ಮನೆಯಲ್ಲಿ ಬಿಟ್ಟು ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಡಿ

ಮನೆಯಲ್ಲಿ ಯಾರಾದರೂ ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಮಷೀನು) ಹಾಕಿಕೊಳ್ಳುವವರಿದ್ದರೆ ದಯವಿಟ್ಟು ಇದನ್ನು ಓದಿ.

ಅಪ್ಪನಿಗೆ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ರಾತ್ರಿಯಿಡೀ ಮಾಸ್ಕ್ ಬೇಕು, ಮಧ್ಯಾಹ್ನವೂ ಎರಡು ಗಂಟೆ. ಕೆಳದವಡೆಯ ಹಲ್ಲುನೋವು ಜಾಸ್ತಿಯಾಗಿ ಊಟವನ್ನೇ ಬಿಟ್ಟರು. ಕ್ಲಿನಿಕ್ಕಿಗೆ ಫೋನ್ ಮಾಡಿ "ಉಸಿರಾಟದ ತೊಂದರೆ ಇದೆ" ಅಂದೆ. "ನಮ್ಮಲ್ಲಿ ಆಕ್ಸಿಜನ್ ಇದೆ, ಕರ್ಕೊಂಡು ಬನ್ನಿ" ಅಂದರು. ಅರ್ಧ ಗಂಟೆಯ ಕೆಲಸ ತಾನೇ ಅಂತ ಮಷೀನನ್ನು ಮನೆಯಲ್ಲೇ ಬಿಟ್ಟೆ.

ಅಲ್ಲಿ ಕುರ್ಚಿಯನ್ನು ಪೂರ್ತಿ ಮಲಗಿಸಿದರು. ಮೂರು ದಿಂಬಿಲ್ಲದೆ ಒರಗದ ಮನುಷ್ಯ ನಮ್ಮಪ್ಪ. ಬಾಯಲ್ಲಿ ಹತ್ತಿ, ಗಂಟಲಿಗೆ ಇಳಿಯುವ ನೀರು, ಬೇಡ ಅನ್ನೋಕೂ ಆಗದ ಸ್ಥಿತಿ. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದ ಅವರ ಬೆರಳ ಗೆಣ್ಣು ಬಿಳಿಚಿಕೊಂಡಿದ್ದು ಕಂಡಾಗಲೇ ನಾನು ಎದ್ದು ಓಡಿದ್ದು. ರಕ್ತದ ಆಕ್ಸಿಜನ್ ಮಟ್ಟ ತೋರಿಸುವ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದರೆ 82. ಗಾಬರಿಯಲ್ಲಿ ಆಕ್ಸಿಜನ್ ಪೂರ್ತಿ ತಿರುಗಿಸಿಬಿಟ್ಟರು. 98ಕ್ಕೆ ಏರಿತು, ಎಲ್ಲರಿಗೂ ಸಮಾಧಾನ. ಸ್ವಲ್ಪ ಹೊತ್ತಿಗೆ ಅಪ್ಪ ತೂಕಡಿಸತೊಡಗಿದರು. ಸುಸ್ತಾಗಿದೆ ಅಂದುಕೊಂಡೆವು. ಆಮೇಲೆ ಕೂಗಿದರೂ ಕಣ್ಣು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಕ್ಕಾಪಟ್ಟೆ ಏರಿತ್ತು. ಎರಡು ದಿನ ಐಸಿಯು. ಇಂಥವರಿಗೆ ಆಕ್ಸಿಜನ್ ಮಟ್ಟ 88ರಿಂದ 92ರೊಳಗಿದ್ದರೆ ಸಾಕು, ಅದಕ್ಕಿಂತ ಮೇಲೆ ಏರಿಸಿದರೆ ಅಪಾಯ ಅಂತ ಶ್ವಾಸಕೋಶದ ಡಾಕ್ಟರು ಬಿಡಿಸಿ ಹೇಳಿದರು. ಸಿಲಿಂಡರ್ ಕೊಡುವುದು ಆಕ್ಸಿಜನ್ ಮಾತ್ರ. ಒಳಗಿನ ಕೆಟ್ಟ ಗಾಳಿ ಹೊರಹೋಗಲು ಬೈಪ್ಯಾಪಿನ ಒತ್ತಡವೇ ಬೇಕು. ಎಷ್ಟೋ ವರ್ಷದಿಂದ ಅಪ್ಪನಿಗೆ ಮಾಸ್ಕ್ ಕಟ್ಟುತ್ತಿದ್ದರೂ ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಎರಡನೇ ಸಲ ದಂತ ವಿಭಾಗವೂ ಇರುವ ದೊಡ್ಡ ಆಸ್ಪತ್ರೆಗೇ ಹೋದೆವು. ಡಾಕ್ಟರ ಪತ್ರ ಕೈಯಲ್ಲಿತ್ತು: ಮಷೀನಿನ ಸೆಟ್ಟಿಂಗ್, ಆಕ್ಸಿಜನ್ ಮಿತಿ, ನಿದ್ದೆ ಬರಿಸುವ ಔಷಧಿ ಬೇಡ ಅನ್ನುವುದು, ಎಲ್ಲ ಅದರಲ್ಲಿ. ಬೈಪ್ಯಾಪ್ ಜೊತೆಗೆ ಯುಪಿಎಸ್ಸನ್ನೂ ಹೊತ್ತುಕೊಂಡು ಹೋದೆ, ನಮ್ಮ ಮಷೀನಿಗೆ ಬ್ಯಾಟರಿ ಇಲ್ಲ, ಕರೆಂಟು ಯಾವಾಗ ಹೋಗುತ್ತೋ. ಅಪ್ಪ ಕೂತೇ ಇದ್ದರು. ಸಹಾಯಕಿ ನೀರನ್ನು ಬಿಡದೆ ಎಳೆಯುತ್ತಿದ್ದರು. ಸ್ವಲ್ಪ ಕೆಲಸ, ಆಮೇಲೆ ಮಾಸ್ಕ್, ಮತ್ತೆ ಸ್ವಲ್ಪ ಕೆಲಸ. ಕೈ ಎತ್ತಿದರೆ ನಿಲ್ಲಿಸಬೇಕು ಅಂತ ಮೊದಲೇ ಮಾತಾಗಿತ್ತು. ಅಪ್ಪ ಎರಡು ಸಲ ಎತ್ತಿದರು, ಎರಡು ಸಲವೂ ನಿಲ್ಲಿಸಿದರು. ಹಲ್ಲು ಹೊರಬಂದಾಗ ಅಂಕಿ 90.

ಫೋನಿನಲ್ಲಿ "ಉಸಿರಾಟದ ತೊಂದರೆ" ಅಂತಷ್ಟೇ ಹೇಳಬೇಡಿ. "ಬೈಪ್ಯಾಪ್ ಮೇಲಿದ್ದಾರೆ, ಪೂರ್ತಿ ಮಲಗಿಸುವ ಹಾಗಿಲ್ಲ" ಅನ್ನಿ. ಆಗ ಆ ಕಡೆಯಿಂದ ಬರುವ ಉತ್ತರವೇ ಬೇರೆ ಇರುತ್ತದೆ.