‘ಶೋ ಬೋಟ್’ (1988ರ ಮೂರು ಸಿಡಿ ಸೆಟ್): ಹಾಡು ಭರ್ಜರಿ, ಕೋರಸ್ ಕೇಳಿದರೆ ಕಸಿವಿಸಿ

ಹಳೇ ಬ್ರಾಡ್‌ವೇ (ನ್ಯೂಯಾರ್ಕಿನ ರಂಗಭೂಮಿ) ಹುಚ್ಚು ಇದ್ದವರು ಈ ಸೆಟ್ ತಗೊಳ್ಳಬಹುದು, ದುಡ್ಡೇನೂ ದಂಡ ಅಲ್ಲ. ಆದರೆ ಅಡುಗೆ ಮಾಡುತ್ತಾ ಸುಮ್ನೆ ಹಾಕಿಕೊಂಡು ಕೇಳುವಂಥದ್ದಲ್ಲ.

‘ಶೋ ಬೋಟ್’ ಒಂದು ಸಂಗೀತ ನಾಟಕ, ಮಿಸಿಸಿಪ್ಪಿ ನದಿಯಲ್ಲಿ ಊರೂರಿಗೆ ಹೋಗಿ ಆಟ ಆಡುವ ನಾಟಕದ ದೋಣಿಯವರ ಕಥೆ. ಅದು ನ್ಯೂಯಾರ್ಕಿನಲ್ಲಿ ಶುರುವಾಗಿದ್ದು 1927ರ ಡಿಸೆಂಬರಿನಲ್ಲಿ. ಸಂಗೀತ ಜೆರೋಮ್ ಕರ್ನ್, ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್. ಆಮೇಲೆ ಪ್ರತಿ ಸಲವೂ ಅಲ್ಲಿ ಇಲ್ಲಿ ಕತ್ತರಿಸಿ, ತಿದ್ದಿ ಆಡಿಸುತ್ತಾ ಬಂದರು. ಜಾನ್ ಮೆಕ್‌ಗ್ಲಿನ್ ಅನ್ನುವ ಕಂಡಕ್ಟರ್ ಬಿಟ್ಟುಹೋದದ್ದನ್ನೆಲ್ಲ ಹುಡುಕಿ ತಂದು ಇಎಂಐ ರೆಕಾರ್ಡ್ ಕಂಪನಿಗೆ ಮಾಡಿಕೊಟ್ಟ ರೆಕಾರ್ಡಿಂಗ್ ಇದು. ಮೂರೂವರೆ ಗಂಟೆಗೂ ಜಾಸ್ತಿ ಇದೆ.

ತೊಂದರೆ ಶುರುವಾಗುವುದೇ ಮೊದಲ ಸಾಲಿನಲ್ಲಿ. ಮಿಸಿಸಿಪ್ಪಿ ದಡದಲ್ಲಿ ಹತ್ತಿ ಮೂಟೆ ಹೊರುವ ಕಪ್ಪು ಕೂಲಿಗಳು, ತಮ್ಮನ್ನು ತಾವೇ ಆ ‘ಎನ್’ ಪದದಿಂದ (ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಇಂಗ್ಲಿಷ್ ಬೈಗುಳ) ಕರೆದುಕೊಂಡು ಹಾಡುತ್ತಾರೆ. 1936ರ ಸಿನಿಮಾದಲ್ಲೂ, 1946ರ ಮರುಪ್ರದರ್ಶನದಲ್ಲೂ ಅದನ್ನು ಬದಲಾಯಿಸಿದ್ದರು. ಮೆಕ್‌ಗ್ಲಿನ್ ಮೂಲದ್ದೇ ಇರಲಿ ಎಂದು ಹಟ ಹಿಡಿದರು. ಕೋರಸ್‌ಗೆ ಕರೆಸಿದ್ದ ಕಪ್ಪು ಗಾಯಕರು ನಾವಿದನ್ನು ಹಾಡುವುದಿಲ್ಲ ಎಂದು ಎದ್ದು ಹೋದರು. ಅವರ ಜಾಗಕ್ಕೆ ಲಂಡನ್ನಿನ ಆಂಬ್ರೋಸಿಯನ್ ಕೋರಸ್ ಬಂತು. ಬಿಳಿಯರ ಕಂಠ, ಕೂಲಿಗಳ ಹಾಡು, ಅದರಲ್ಲಿ ಆ ಪದ! ಇತಿಹಾಸಕ್ಕೆ ನಿಷ್ಠೆ ಅಂತ ಹೊರಟವರು ಕೊನೆಗೆ ಬಿಳಿಯರು ಕಪ್ಪು ಜನರ ವೇಷಕ್ಕೆ ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಆ ಹಳೇ ಆಟವನ್ನೇ ಆಡಿದ ಹಾಗಾಯಿತು, ಅಲ್ವಾ? ನನ್ನ ತಕರಾರು ಪದ ಇದ್ದದ್ದಕ್ಕಲ್ಲ, ಅದು ಯಾರ ಬಾಯಲ್ಲಿ ಬಂತು ಅನ್ನುವುದಕ್ಕೆ.

ಮಸಿಯ ವಿಷಯ ಸುಮ್ನೆ ತೆಗೆದಿದ್ದಲ್ಲ. 1927ರಲ್ಲಿ ಅಡುಗೆಯವಳು ಕ್ವೀನಿಯ ಪಾತ್ರ ಮಾಡಿದ್ದು ಇಟಾಲಿಯನ್ ಮೂಲದ ಟೆಸ್ ಗಾರ್ಡೆಲ್ಲಾ, ಮುಖಕ್ಕೆ ಕಪ್ಪು ಬಳಿದುಕೊಂಡು. ಅದೇ ರಂಗದ ಮೇಲೆ ಅವಳ ಗಂಡ ಜೋ ಪಾತ್ರದಲ್ಲಿ ಜೂಲ್ಸ್ ಬ್ಲೆಡ್ಸೋ ಎಂಬ ನಿಜವಾದ ಕಪ್ಪು ಗಾಯಕ! ಈ ಸೆಟ್ಟಿನಲ್ಲಿ ಕ್ವೀನಿ ಕಾರ್ಲಾ ಬರ್ನ್ಸ್. ಕಪ್ಪು ಕಲಾವಿದೆ, ದನಿಯಲ್ಲಿ ಎಂಥಾ ತೂಕ! ನ್ಯೂಯಾರ್ಕಿಗೆ ಬರುವ ಮೊದಲೇ ಕತ್ತರಿಸಿ ಎಸೆದಿದ್ದ ‘ಮಿಸರೀಸ್ ಕಮಿನ್ ಅರೌಂಡ್’ ಹಾಡು ಇಲ್ಲಿ ವಾಪಸ್ ಬಂದಿದೆ. ಅದೊಂದಕ್ಕೇ ಸೆಟ್ ತಗೊಂಡರೂ ನಷ್ಟವಿಲ್ಲ. ದೋಣಿಯ ನಟಿ ಜೂಲಿಯ ಮೈಯಲ್ಲಿ ಕಪ್ಪು ರಕ್ತ ಇದೆ ಅನ್ನುವುದು ಬಯಲಾಗುವ ಮುಂಚೆ ಬರುವ ಹಾಡು. ಆಮೇಲೆ ಅವಳ ಬಿಳಿ ಗಂಡ ಅವಳ ಕೈ ಕೊಯ್ದು ರಕ್ತ ಹೀರಿ, ನನ್ನ ಮೈಯಲ್ಲೂ ಈಗ ಕಪ್ಪು ರಕ್ತ ಇದೆ ಎಂದು ಪೊಲೀಸಿನವನ ಎದುರು ವಾದಿಸುತ್ತಾನೆ. ಕರಿಯರು ಬಿಳಿಯರು ಮದುವೆಯಾದರೆ ಅಪರಾಧವಾಗಿದ್ದ ಕಾಲ. 1927ರ ಮನರಂಜನೆಯಲ್ಲಿ ಇಂಥದ್ದನ್ನು ಇಟ್ಟಿದ್ದು ಗಟ್ಟಿ ಗುಂಡಿಗೆಯೇ.

ಅದೇ ನಾಟಕದಲ್ಲೇ ಷಿಕಾಗೋ ಜಾತ್ರೆಯ ‘ಇನ್ ಡಹೋಮಿ’ ಹಾಡೂ ಇದೆ. ಆಫ್ರಿಕಾದ ಕಾಡುಜನರೆಂದು ನಿಲ್ಲಿಸಿದವರು ಅರ್ಥವಿಲ್ಲದ ಏನೋ ಕೂಗುತ್ತಾರೆ, ಬಿಳಿಯರು ಹೆದರಿ ಓಡುತ್ತಾರೆ. ಆಮೇಲೆ ನೋಡಿದರೆ ಇವರೆಲ್ಲ ನ್ಯೂಯಾರ್ಕಿನವರು! ತಮಾಷೆ ಬಿಳಿಯರ ಮೇಲೇ ಇರಬಹುದು. ಆದರೆ ಅಲ್ಲಿಗೆ ಮುಟ್ಟುವ ಮೊದಲು ಆ ಕೂಗಾಟಕ್ಕೇ ನಗಬೇಕಲ್ಲ. ನಾನು ಈ ಟ್ರ್ಯಾಕ್ ದಾಟಿಸಿಬಿಡುತ್ತೇನೆ.

1993ರಲ್ಲಿ ಹ್ಯಾರಲ್ಡ್ ಪ್ರಿನ್ಸ್ ಟೊರಾಂಟೋದಲ್ಲಿ ಹೊಸದಾಗಿ ಆಡಿಸಿದಾಗ ಅಲ್ಲಿನ ಕಪ್ಪು ಸಮುದಾಯದವರು ಪ್ರತಿಭಟಿಸಿದರು. ಮುಂದೆ ಬ್ರಾಡ್‌ವೇಯಲ್ಲಿ ಅದೇ ಪ್ರದರ್ಶನಕ್ಕೆ ಟೋನಿ ರಂಗಪ್ರಶಸ್ತಿ ಬಂತು.

ಜೋ ಪಾತ್ರದ ಬ್ರೂಸ್ ಹಬರ್ಡ್ ದನಿ ಇಲ್ಲಿ ತುಂಬಾ ಹಿಡಿಸಿತು. ಎಳೆಯುವುದಿಲ್ಲ, ಗೋಳಾಡುವುದಿಲ್ಲ. ಆದರೂ ಜೋ ನದಿಯ ಮೇಲೆ ಹಾಡುವ ‘ಓಲ್ ಮ್ಯಾನ್ ರಿವರ್’ಗೆ ಅಮೆರಿಕದ ಕಪ್ಪು ಗಾಯಕ ಪಾಲ್ ರಾಬ್ಸನ್ ಅವರೇ ಬೇಕು. ಸಾವಿನ ಭಯದ ಸಾಲನ್ನು ಕಿತ್ತು, ಸಾಯುವ ತನಕ ಹೋರಾಡುತ್ತೇನೆ ಎಂದು ತಾವೇ ತಿದ್ದಿ ಕಛೇರಿಗಳಲ್ಲಿ ಹಾಡುತ್ತಿದ್ದರು. ಭೂಪೇನ್ ಹಜಾರಿಕಾ ತಮ್ಮ ಗಂಗೆಯ ಹಾಡು ಕಟ್ಟಿದ್ದು ರಾಬ್ಸನ್ ಪ್ರಭಾವದಿಂದಲೇ.

ಹೊಸಬರು ಈ ಸೆಟ್ಟಿನಿಂದ ಶುರು ಮಾಡಬೇಡಿ. ಮೊದಲು ರಾಬ್ಸನ್ ಇರುವ 1936ರ ಸಿನಿಮಾ ನೋಡಿ. ಅದರಲ್ಲೂ ನಾಯಕಿ ಮಸಿ ಬಳಿದುಕೊಂಡು ಕುಣಿಯುವ ದೃಶ್ಯ ಇದೆ, ಮೊದಲೇ ಹೇಳಿರುತ್ತೇನೆ.