ಮೊದಲ ವನ್ಯಜೀವಿ ಕ್ಯಾಮೆರಾ: ನಿಕಾನ್ ಡಿ7200 ಅಥವಾ ಕ್ಯಾನನ್ 7ಡಿ ಮಾರ್ಕ್ 2?

ಯಾದಗಿರಿಯ ಬೋನಾಳ ಕೆರೆಯ ಹಕ್ಕಿಯಾಗಲಿ, ಬೀದರ್ ಬಯಲಿನ ಕೃಷ್ಣಮೃಗವಾಗಲಿ ನಮ್ಮನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದರೆ ಹೊಸ ಅಗ್ಗದ ಮಾದರಿಗಿಂತ, ಬಳಸಿದ ಈ ಎರಡರಲ್ಲಿ ಒಂದನ್ನು ಕೊಂಡು ಉಳಿದದ್ದನ್ನು ದೂರದ್ದನ್ನು ಹತ್ತಿರ ತರುವ ಲೆನ್ಸ್‌ಗೆ ಹಾಕುವುದು ಮೇಲು.

ವೇಗದಲ್ಲಿ ಕ್ಯಾನನ್ ಮುಂದು: ಸೆಕೆಂಡಿಗೆ 10 ಚಿತ್ರ, ಗುರಿಯನ್ನು ಸ್ಪಷ್ಟವಾಗಿ ಹಿಡಿಯಲು 65 ಫೋಕಸ್ ಬಿಂದುಗಳು. ಪಟ್ಟೆತಲೆ ಹೆಬ್ಬಾತುಗಳ ಹಿಂಡು ನೀರಿನಿಂದ ಏಳುವಾಗ ರೆಕ್ಕೆ ಪೂರ್ತಿ ಬಿಚ್ಚಿದ ಕ್ಷಣ ಸಿಗುವುದು ಇದರಲ್ಲೇ ಹೆಚ್ಚು. ನಿಕಾನ್‌ನದು ಸೆಕೆಂಡಿಗೆ 6. ರಾ ಕಡತದಲ್ಲಿ (ಸಂಸ್ಕರಿಸದ ಮೂಲ ಚಿತ್ರ) ತೆಗೆದರೆ, ಕಾರ್ಡಿಗೆ ಬರೆಯುವ ಮುನ್ನ ಚಿತ್ರಗಳನ್ನು ಇಟ್ಟುಕೊಳ್ಳುವ ಬಫರ್ ಬೇಗ ತುಂಬುತ್ತದೆ.

ಆದರೆ ಗಂಡು ಕೃಷ್ಣಮೃಗವನ್ನು ನೋಡಿ. ಬೆನ್ನು ಕಪ್ಪು, ಹೊಟ್ಟೆ ಅಚ್ಚ ಬಿಳಿ. ನಮ್ಮ ಕಡೆಯ ಬಿಸಿಲಿನಲ್ಲಿ ಬಿಳಿ ಸುಟ್ಟುಹೋಗದಂತೆ, ಅಂದರೆ ವಿವರವೇ ಇಲ್ಲದ ಬರಿ ಬಿಳಿಯಾಗದಂತೆ, ಕೊಂಚ ಕತ್ತಲಾಗಿಯೇ ತೆಗೆಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಬೆಳಗಿಸಿದಾಗ ನಿಕಾನ್ ಚಿತ್ರದಲ್ಲಿ ಬೆನ್ನಿನ ಕೂದಲು ಎಳೆಎಳೆಯಾಗಿ ಕಾಣುತ್ತದೆ. ಕ್ಯಾನನ್‌ನಲ್ಲಿ ಅದೇ ಜಾಗ ಕಾಳುಕಾಳಾಗುತ್ತದೆ. ಈ ಒಂದು ಗುಣಕ್ಕಾಗಿ ಮೊದಲ ಕ್ಯಾಮೆರಾವಾಗಿ ನಾನು ನಿಕಾನ್ ಅನ್ನೇ ಹೇಳುತ್ತೇನೆ. ಹಾರುವ ಹಕ್ಕಿಯೇ ಪ್ರಾಣ ಎನ್ನುವವರು ಕ್ಯಾನನ್ ಹಿಡಿಯಲಿ.

ತೂಕ ನಿಕಾನ್‌ನದು 765, ಕ್ಯಾನನ್‌ನದು 910 ಗ್ರಾಂ, ಆ ವ್ಯತ್ಯಾಸವೇನೂ ದೊಡ್ಡದಲ್ಲ. ಕೊಳ್ಳುವ ಮುನ್ನ ಶಟರ್ ಎಣಿಕೆ, ಅಂದರೆ ಕ್ಯಾಮೆರಾ ಇದುವರೆಗೆ ಎಷ್ಟು ಬಾರಿ ಕ್ಲಿಕ್ ಆಗಿದೆ ಎಂಬುದನ್ನು, ಕೇಳಿ: ನಿಕಾನ್‌ನ ಶಟರ್ 1.5 ಲಕ್ಷ, ಕ್ಯಾನನ್‌ನದು 2 ಲಕ್ಷ ಕ್ಲಿಕ್‌ಗಳಿಗೆಂದು ಪರೀಕ್ಷಿಸಿದ್ದು.